ಮೊಂಡು ಮಾಡಿದ ಚೂರಿ

ಗಲ್ಫಿನ ಕೈಗಾರಿಕಾ ಪೇಟೆ ಮುಸಫ್ಫಾದ ಜಲೀಲನ ಅಂಗಡಿಯಲ್ಲಿ ಚೂರಿ ಹರಿತ ಮಾಡುವ ಸಾಮಾನುಗಳನ್ನೆಲ್ಲ ಒಂದು ಗಾಜಿನ ಕಪಾಟಿನಲ್ಲಿ ಇಟ್ಟಿದ್ದರು. ಜಲಜಾಕ್ಷಿ ಆ ಕಪಾಟಿನ ಹತ್ತಿರ ಹೋಗಲಿಲ್ಲ. ಗಂಡನ ಹೆಗಲ ಹಿಂದೆ ನಿಂತು ಅಲ್ಲಿಂದಲೇ ನೋಡಿದಳು.

ಹರಿತವಾದ ಚೂರಿ ಎಂದರೆ ಅವಳಿಗೆ ಹೆದರಿಕೆ. ಐದು ವರ್ಷದ ಹಿಂದೆ, ೨೦೦೯ರಲ್ಲಿ, ಅವಳ ಗಂಡ ಮೋಹನದಾಸ ತನ್ನ ವರ್ಕ್‌ಶಾಪಿನ ಗ್ರೈಂಡರಿನಲ್ಲಿ ಸಾಣೆ ಹಿಡಿಸಿ ತಂದಿದ್ದ ಅಡುಗೆಚೂರಿ ಒಂದು ಬೆಳಿಗ್ಗೆ ಅವಳ ಎಡಗೈಯ ಕಿರುಬೆರಳನ್ನು ಎಲುಬಿನವರೆಗೆ ಸೀಳಿತ್ತು. ಬೆರಳು ಉಳಿಯಿತು, ಆದರೆ ಮಡಚಲು ಬರುವುದಿಲ್ಲ. ಅಂದಿನಿಂದ ಆ ಮನೆಯಲ್ಲಿ ಇರುವುದೆಲ್ಲ ಮೊಂಡು ಚೂರಿಗಳೇ. ಟೊಮೆಟೊ ಹೆಚ್ಚಲು ಹೋದರೆ ಜಜ್ಜಿ ಹೋಗುತ್ತದೆ. ಮೀನನ್ನು ಮಾರ್ಕೆಟಿನಲ್ಲೇ ಕ್ಲೀನ್ ಮಾಡಿಸಿ ತರುತ್ತಾರೆ. ಊರಿನಿಂದ ತಂದ ಈಳಿಗೆಮಣೆ, ಆ ಮೆಟ್ಟುಕತ್ತಿಯೊಂದಕ್ಕೆ ಮಾತ್ರ ಅವಳು ಹೆದರುತ್ತಿರಲಿಲ್ಲ. ಅದು ಕೂತಲ್ಲಿಂದ ಏಳುವುದಿಲ್ಲ, ತರಕಾರಿಯನ್ನು ನಾವೇ ಅದರ ಹತ್ತಿರ ಕೊಂಡುಹೋಗಬೇಕು ಎಂದು ಅವಳ ವಾದ.

ಮೋಹನದಾಸನಿಗೆ ಇದೊಂದು ನಾಚಿಕೆಯ ವಿಷಯ. ಅವನು ಅದೇ ಮುಸಫ್ಫಾದಲ್ಲಿ, ತೈಲ ಕಂಪೆನಿಗಳಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪಿನಲ್ಲಿ ಟೂಲ್‌ರೂಮಿನ ಫೋರ್‌ಮನ್. ಇಪ್ಪತ್ತೆರಡು ವರ್ಷದಿಂದ ಉಕ್ಕಿಗೆ ಹರಿತವಾದ ಬಾಯಿ ಕೂರಿಸುವುದೇ ಅವನ ಕೆಲಸ. ಹೋದ ವಾರ ಈರುಳ್ಳಿ ಹೆಚ್ಚುವಾಗ ಮೊಂಡು ಚೂರಿ ಜಾರಿ ಜಲಜಾಕ್ಷಿಯ ಅಂಗೈ ತರಚಿತ್ತು. ಅದನ್ನೇ ನೆಪ ಮಾಡಿಕೊಂಡು ಅವನು ಅವಳನ್ನು ಅಂಗಡಿಗೆ ಕರೆದುಕೊಂಡು ಬಂದಿದ್ದ.

"ಬನ್ನಿ ಮೋಹನಣ್ಣ. ಅಕ್ಕನೂ ಬಂದಿದ್ದಾರಲ್ಲ! ಎಂತ ಬೇಕಿತ್ತು?" ಜಲೀಲ ಕೇಳಿದ. ಅವನು ಉಳ್ಳಾಲದವನು.

"ಮನೆಗೊಂದು, ಮೀನು ಹಿಡಿಯಲಿಕ್ಕೆ ಹೋಗುವಾಗ ಚೀಲಕ್ಕೆ ಹಾಕಲಿಕ್ಕೊಂದು. ಚೂರಿ ಮಸೆಯುವಂಥದ್ದು."

ಜಲೀಲ ಒಂದೊಂದಾಗಿ ಹೊರಗಿಟ್ಟ. ಮೊದಲು ಇಟ್ಟದ್ದು ಪ್ಲಾಸ್ಟಿಕ್ಕಿನ ಹಿಡಿಯಿದ್ದ, ನಡುವೆ ಸೀಳು ಇದ್ದ ಒಂದು ಸಾಮಾನು. "ಇದು ಈಸಿ. ಸೀಳಿನೊಳಗೆ ಚೂರಿ ಇಟ್ಟು ಎರಡು ಸಲ ಎಳೆದರೆ ಖಲಾಸ್."

"ಈಸಿ ಹೌದು ಮಾರಾಯ. ಆದರೆ ಅದು ಉಕ್ಕನ್ನು ಹೆರೆದು ತೆಗೆಯುತ್ತದೆ. ಆರು ತಿಂಗಳಲ್ಲಿ ಚೂರಿಯ ಬಾಯಿ ಗರಗಸದ ಹಾಗೆ ಆಗುತ್ತದೆ."

"ಹಾಗಾದರೆ ಈ ಸರಳು? ಹೋಟೆಲಿನವರು ಇದನ್ನೇ ಕೊಂಡುಹೋಗುವುದು."

"ಹೋಟೆಲಿನವರ ಚೂರಿ ಮೊದಲೇ ಹರಿತ ಇರುತ್ತದೆ. ಬಗ್ಗಿದ ಬಾಯಿಯನ್ನು ಸರಳು ನೆಟ್ಟಗೆ ಮಾಡುತ್ತದೆ, ಅಷ್ಟೆ. ನಮ್ಮ ಮನೆಯ ಚೂರಿಗೆ ಬಾಯಿಯೇ ಇಲ್ಲ," ಎಂದು ಮೋಹನದಾಸ ನಕ್ಕು, ಹಿಂದೆ ತಿರುಗಿ ನೋಡಿದ. ಜಲಜಾಕ್ಷಿ ನಗಲಿಲ್ಲ.

ಅವನಿಗೆ ಇಷ್ಟವಾದದ್ದು ಎರಡು ಬದಿಯ ಸಾಣೆಕಲ್ಲು. ಒಂದು ಬದಿ ಒರಟು, ಒಂದು ಬದಿ ನಯ. ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟು ಮಸೆಯಬೇಕು. ಮನೆಗೆ ಇದಕ್ಕಿಂತ ಒಳ್ಳೆಯದಿಲ್ಲ, ಆದರೆ ಹೊರಗೆ ಕೊಂಡುಹೋದರೆ ಬಿದ್ದು ಒಡೆಯುತ್ತದೆ, ಭಾರ ಬೇರೆ. ಹೊರಗಿಗೆ ಬೆರಳುದ್ದದ ಒಂದು ಉಕ್ಕಿನ ಪಟ್ಟಿ ಸಾಕು. ಅದರ ಮೈಗೆ ವಜ್ರದ ಪುಡಿ ಅಂಟಿಸಿರುತ್ತಾರೆ. ನೀರೂ ಬೇಡ, ಎಣ್ಣೆಯೂ ಬೇಡ, ಜೇಬಿನಲ್ಲಿ ಹಿಡಿಯುತ್ತದೆ. ಹೀಗೆಂದು ಅವನು ಆ ಪಟ್ಟಿಯನ್ನು ಅವಳ ಕೈಗೆ ಕೊಡಲು ಬಂದ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

"ನನಗೆ ಕಲ್ಲು ಬೇಡ," ಎಂದಳು. "ತೆಗೆದುಕೊಳ್ಳಲೇಬೇಕು ಅಂತಾದರೆ ಮನೆಗೆ ಆ ಪ್ಲಾಸ್ಟಿಕ್ಕಿನದ್ದು ಸಾಕು. ಅದರಲ್ಲಿ ಚೂರಿಯ ಬಾಯಿಯಾದರೂ ಕಣ್ಣಿಗೆ ಕಾಣುವುದಿಲ್ಲ."

ಮೋಹನದಾಸ ಜಲೀಲನ ಮುಖ ನೋಡಿದ. ಜಲೀಲ ಬೇರೆಲ್ಲೋ ನೋಡಿದ.

"ಆಯ್ತು ಮಾರಾಯ್ತಿ. ಮನೆಯದ್ದು ನಿನ್ನ ಇಷ್ಟ, ಹೊರಗಿನದ್ದು ನನ್ನ ಇಷ್ಟ."

ಆ ಗುರುವಾರ ಸಂಜೆ ಅವನು ಬಾಲ್ಕನಿಯಲ್ಲಿ ಕೂತು ಮೀನಿನ ಚೂರಿಯನ್ನು ಹೊಸ ಪಟ್ಟಿಯಲ್ಲಿ ಮಸೆದ. ಮರುದಿನ ಫುಜೈರಾದ ಕಡೆಗೆ ಮೀನು ಹಿಡಿಯಲು ಹೋಗುವುದಿತ್ತು. ಮಗಳು ಅಶ್ಮಿತಾ ಮಂಗಳೂರಿಗೆ ಓದಲು ಹೋದ ಮೇಲೆ ರಜೆಯ ಶುಕ್ರವಾರ ಮನೆಯಲ್ಲಿ ಕೂತರೆ ಬೇಸರವೆಂದು ಅವನು ಹಿಡಿದ ಹೊಸ ಅಭ್ಯಾಸ ಅದು. ಗಾಳದ ಕೋಲು, ಚೀಲ, ಚೂರಿ ಎಲ್ಲ ಆ ಚಳಿಗಾಲದಲ್ಲೇ ತೆಗೆದುಕೊಂಡದ್ದು.

ಅಡುಗೆಮನೆಯಲ್ಲಿದ್ದ ಜಲಜಾಕ್ಷಿಗೆ ಆ ಶಬ್ದ ಕೇಳುತ್ತಿತ್ತು. ಸರ್, ಸರ್, ಸರ್. ಹಾಲು ಉಕ್ಕಿದ್ದೂ ಅವಳಿಗೆ ತಿಳಿಯಲಿಲ್ಲ. ಮಸೆದಾದ ಮೇಲೆ ಅವನು ಒಳಗೆ ಬಂದು, ಮುಂಗೈಯ ಕೂದಲನ್ನು ಚೂರಿಯಿಂದ ಬೋಳಿಸಿ ತೋರಿಸಿದ. "ನೋಡು, ರೇಜರಿನ ಹಾಗೆ."

"ಬೇಡ ನೀವು ಇದನ್ನು ಕೊಂಡುಹೋಗುವುದು," ಎಂದಳು.

"ಮೀನು ಸಿಕ್ಕಿದರೆ ಹಲ್ಲಿನಲ್ಲಿ ಕೊಯ್ಯುವುದಾ?" ಎಂದು ಅವನು ಸ್ನಾನಕ್ಕೆ ಹೋದ.

ಚೂರಿ ಮೇಜಿನ ಮೇಲಿತ್ತು. ಒದ್ದೆ ಬಂಡೆ, ಅವನ ಸೊಂಟದಲ್ಲಿ ಚೂರಿ, ಕಾಲು ಜಾರುವುದು, ಇಷ್ಟನ್ನೂ ಅವಳು ಕಣ್ಣು ಮುಚ್ಚದೆಯೇ ನೋಡಿದಳು. ಎಲುಬು ಬಿಳಿ ಕಾಣುವುದನ್ನೂ ನೋಡಿದಳು. ಅದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು. ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿದ ಮೇಲೆ ಅವಳು ಚೂರಿಯ ಹಿಡಿಯನ್ನು ಬಟ್ಟೆಯಿಂದ ಸುತ್ತಿ ಹಿಡಿದು, ಅದರ ಬಾಯಿಯನ್ನು ಅಡುಗೆಕಟ್ಟೆಯ ಗ್ರಾನೈಟಿನ ಅಂಚಿಗೆ ನೇರ ಒತ್ತಿ ಎಳೆದಳು. ಕೀರ್ ಎಂದಿತು. ಹಲ್ಲು ಜುಮ್ಮೆಂದರೂ ನಿಲ್ಲಿಸಲಿಲ್ಲ. ಹತ್ತು ಸಲವೋ ಹದಿನೈದು ಸಲವೋ ಎಳೆದಿರಬೇಕು. ಆಮೇಲೆ ಚೂರಿಯನ್ನು ಅದರ ಒರೆಗೆ ಹಾಕಿ ಚೀಲದಲ್ಲಿಟ್ಟಳು. ಚೀಲದ ಬದಿಯ ಜೇಬಿನಲ್ಲಿದ್ದ ವಜ್ರದ ಪಟ್ಟಿಯನ್ನು ತೆಗೆದು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟಳು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅವರು ಹೋದದ್ದು ಫುಜೈರಾ ದಾಟಿ ಉತ್ತರಕ್ಕೆ ಹೋಗುವ ರಸ್ತೆಯ ಪಕ್ಕದ ಒಂದು ಚಿಕ್ಕ ಮೀನುಗಾರಿಕೆ ಬಂದರಿಗೆ. ಅಲೆ ತಡೆಯಲು ದೊಡ್ಡ ದೊಡ್ಡ ಬಂಡೆಗಳನ್ನು ಸಮುದ್ರದೊಳಕ್ಕೆ ಸಾಲಾಗಿ ಸುರಿದಿದ್ದರು. ಆ ಸಾಲಿನ ತುದಿಯ ಹತ್ತಿರ ಮೋಹನದಾಸ ಗಾಳ ಹಾಕಿ ನಿಂತ. ಜಲಜಾಕ್ಷಿ ಸ್ವಲ್ಪ ಮೇಲೆ, ಚಪ್ಪಟೆ ಕಲ್ಲೊಂದರ ಮೇಲೆ ಮಡಚುವ ಕುರ್ಚಿ ಹಾಕಿ ಕೂತಳು. ಅವಳ ಹತ್ತಿರ ಫ್ಲಾಸ್ಕಿನಲ್ಲಿ ಚಾ, ಪೇಪರಿನಲ್ಲಿ ಸುತ್ತಿ ತಂದ ಪಿಂಗಾಣಿಯ ಎರಡು ಕಪ್ಪು. ಪ್ಲಾಸ್ಟಿಕ್ ಲೋಟದಲ್ಲಿ ಅವಳಿಗೆ ಚಾ ಸೇರುವುದಿಲ್ಲ.

ಮೀನು ಒಂದೂ ಸಿಕ್ಕಲಿಲ್ಲ. ಹನ್ನೆರಡು ಗಂಟೆಯ ಹೊತ್ತಿಗೆ ಬಂದರಿನಲ್ಲಿದ್ದ ದೋಣಿಯವರೆಲ್ಲ ಶುಕ್ರವಾರದ ನಮಾಜಿಗೆ ಎದ್ದು ಹೋದರು. ನೀರು ಏರತೊಡಗಿತ್ತು.

"ಸಾಕು, ಹೋಗುವಾ," ಎಂದು ಅವಳು ಕೂಗಿದಳು.

"ಗಾಳ ಎಂಥದಕ್ಕೋ ಸಿಕ್ಕಿಕೊಂಡಿದೆ. ಬಿಡಿಸಿ ಬಂದೆ."

ಅವನು ಕೋಲನ್ನು ಕಲ್ಲಿಗೆ ಒರಗಿಸಿ, ದಾರ ಹಿಡಿದುಕೊಂಡು ಎರಡು ಬಂಡೆ ಕೆಳಗಿಳಿದ. ಮೂರನೆಯದರ ಮೇಲೆ ಹಸಿರು ಪಾಚಿಯಿತ್ತು. ಅವನು ಕಾಲಿಟ್ಟದ್ದನ್ನು ಅವಳು ನೋಡಿದಳು. ಕಾಲು ಅಲ್ಲಿ ನಿಲ್ಲದ್ದನ್ನೂ ನೋಡಿದಳು. ಮತ್ತೆ ಅವನ ತಲೆ ಮಾತ್ರ ಕಾಣುತ್ತಿತ್ತು.

ಅವಳು ಏಳುವ ರಭಸಕ್ಕೆ ಕುರ್ಚಿ ಮಗುಚಿತು, ಒಂದು ಕಪ್ಪು ಉರುಳಿ ಒಡೆಯಿತು. ಕಲ್ಲಿನಿಂದ ಕಲ್ಲಿಗೆ ಕೈಕಾಲು ಊರಿಕೊಂಡು ಇಳಿದಳು. ಅವನು ಎರಡು ಬಂಡೆಗಳ ಸಂದಿನಲ್ಲಿ ಸೊಂಟದವರೆಗೆ ನೀರಿನಲ್ಲಿ ಅರ್ಧ ಕೂತ ಹಾಗೆ ಇದ್ದ. ಬಲಗೈ ಮಣಿಕಟ್ಟಿನಲ್ಲಿ ಇರಬಾರದ ಕಡೆಗೆ ತಿರುಗಿತ್ತು. ಎಡಗೈಯಿಂದ ಬಂಡೆಯ ಮೂಲೆ ಹಿಡಿದಿದ್ದ.

"ಹತ್ತಿರ ಬಾರದೆ ಅಲ್ಲಿಯೇ ಇರು, ನೀನೂ ಜಾರುತ್ತಿ," ಎಂದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಕೈ ಮುರಿದಿದೆ ಕಾಣುತ್ತದೆ. ಅದು ಹೋಗಲಿ. ಎಡಗಾಲು ಕೆಳಗೆ ಹಗ್ಗಕ್ಕೆ ಸಿಕ್ಕಿದೆ. ಹಳೆಯ ದೋಣಿಯ ಹಗ್ಗ. ಎಳೆದಷ್ಟೂ ಬಿಗಿಯಾಗುತ್ತದೆ."

ಅಲೆ ಬಂತು. ದೊಡ್ಡದೇನಲ್ಲ. ಆದರೆ ಬಂಡೆಯ ಸಂದಿನಲ್ಲಿ ನೀರು ಒಮ್ಮೆಲೆ ಮೇಲೆದ್ದು ಅವನ ಎದೆ ಮುಟ್ಟಿ ಇಳಿಯಿತು. ಅವಳು ಬಂಡೆಯ ಮೇಲೆ ನೋಡಿದಳು. ಅವನ ತಲೆಗಿಂತ ಒಂದು ಮೊಳ ಎತ್ತರದವರೆಗೂ ಕಲ್ಲಿನ ಮೇಲೆ ಪಾಚಿ ಇತ್ತು. ನೀರು ದಿನಾ ಅಲ್ಲಿಯವರೆಗೆ ಬರುತ್ತದೆ ಎಂದರ್ಥ. ಅವನೂ ಅದನ್ನು ನೋಡಿದ್ದ. ಇಬ್ಬರೂ ಆ ಮಾತು ಆಡಲಿಲ್ಲ.

ಅವಳು ಪೊಲೀಸರ ೯೯೯ಕ್ಕೆ ಫೋನ್ ಮಾಡಿದಳು. ಒತ್ತಿದ್ದು ಎರಡು ಸಲ ತಪ್ಪಾಯಿತು. ಆ ಕಡೆಯ ದನಿ ಮೊದಲು ಅರಬ್ಬಿಯಲ್ಲಿ, ಮತ್ತೆ ಇಂಗ್ಲಿಷಿನಲ್ಲಿ, ಕೊನೆಗೆ ಹಿಂದಿಯಲ್ಲಿ ಕೇಳಿತು: ಎಲ್ಲಿ? ಅವಳಿಗೆ ಊರಿನ ಹೆಸರು ಗೊತ್ತಿರಲಿಲ್ಲ. ಮೋಹನದಾಸ ಕೆಳಗಿನಿಂದ ಕೂಗಿ ಹೇಳಿದ್ದನ್ನೇ ಅವಳು ತನಗೆ ಬಂದ ಹಿಂದಿಯಲ್ಲಿ ಹೇಳಿದಳು. ಪೆಟ್ರೋಲ್ ಪಂಪು, ಎರಡನೇ ರೌಂಡ್‌ಅಬೌಟ್, ಬಲಕ್ಕೆ, ಸಣ್ಣ ಬಂದರು, ಕಲ್ಲಿನ ತುದಿ. "ಬರುತ್ತಿದ್ದೇವೆ, ಅರ್ಧ ಗಂಟೆಯೊಳಗೆ ತಲುಪುತ್ತೇವೆ, ಫೋನ್ ಆಫ್ ಮಾಡಬೇಡಿ," ಎಂದಿತು ಆ ದನಿ.

ಅರ್ಧ ಗಂಟೆ. ಇನ್ನೊಂದು ಅಲೆ ಅವನ ಕುತ್ತಿಗೆ ಮುಟ್ಟಿತು.

"ಜಲಜಾ, ಚೀಲ ತಾ. ಚೂರಿ ಉಂಟಲ್ಲ."

ಅವಳು ಮೇಲೆ ಹೋಗಿ ಚೀಲ ತಂದಳು. ಅವನಿಗೆ ಕೊಡುವ ಹಾಗಿರಲಿಲ್ಲ. ಒಂದು ಕೈ ಮುರಿದಿದೆ, ಇನ್ನೊಂದು ಕೈ ಬಿಟ್ಟರೆ ಅಲೆ ಅವನನ್ನು ಎತ್ತಿ ಬಂಡೆಗೆ ಬಡಿಯುತ್ತದೆ. ಅವನು ಹೇಳಿದ ಹಾಗೆ ಅವಳು ಪಕ್ಕದ ಬಂಡೆಯ ಮೇಲೆ ಬೋರಲು ಮಲಗಿ, ಎಡಗೈಯನ್ನು ನೀರಿಗಿಳಿಸಿ ಅವನ ಮೊಣಕಾಲು ಹುಡುಕಿ, ಅಲ್ಲಿಂದ ಕೆಳಗೆ ತಡಕಿದಳು. ಹಗ್ಗ ಸಿಕ್ಕಿತು. ಅವಳ ಹೆಬ್ಬೆರಳಿಗಿಂತ ದಪ್ಪ, ಮೂರು ಎಳೆ ಹೊಸೆದ ನೈಲಾನ್. ಅದರ ಸುತ್ತ ಹರಿದ ಬಲೆ. ಬಲಗೈಯಲ್ಲಿ ಚೂರಿ ಹಿಡಿದು ಹಗ್ಗದ ಮೇಲಿಟ್ಟು ಎಳೆದಳು. ಚೂರಿ ಸೋಪಿನ ಮೇಲೆ ಜಾರಿದ ಹಾಗೆ ಜಾರಿತು. ಮತ್ತೊಮ್ಮೆ ಎಳೆದಳು, ಮತ್ತೆ ಜಾರಿತು.

"ಒತ್ತಿ ಎಳೆ."

"ಒತ್ತುತ್ತಾ ಇದ್ದೇನೆ."

"ನಿನ್ನೆಯಷ್ಟೇ ಮಸೆದದ್ದು, ಹೇಗೆ ಕೊಯ್ಯುವುದಿಲ್ಲ?" ಅವನ ದನಿಯಲ್ಲಿ ಮೊದಲ ಸಲ ಹೆದರಿಕೆ ಕೇಳಿಸಿತು. "ಪಟ್ಟಿ ತೆಗೆ. ಬದಿಯ ಜೇಬಿನಲ್ಲಿ ಉಂಟು."

"ಇಲ್ಲ."

"ಸರಿಯಾಗಿ ನೋಡು ಮಾರಾಯ್ತಿ!"

"ಇಲ್ಲ. ನಾನು ತೆಗೆದು ಮನೆಯಲ್ಲಿಟ್ಟೆ." ಅವಳು ಅಳುತ್ತಿದ್ದಳು. "ಚೂರಿಯನ್ನೂ ನಾನೇ ಮೊಂಡು ಮಾಡಿದ್ದು. ಕಟ್ಟೆಗೆ ಉಜ್ಜಿ."

ಅವನು ಅವಳನ್ನು ನೋಡಿದ. ಅವನ ಕಣ್ಣಿನಲ್ಲಿ ಸಿಟ್ಟಿತ್ತೋ ಏನಿತ್ತೋ, ಅಷ್ಟರಲ್ಲಿ ಅಲೆ ಬಂದು ಅವನ ಗಲ್ಲ, ಬಾಯಿ ಮುಚ್ಚಿತು. ನೀರಿಳಿದ ಮೇಲೆ ಅವನು ಉಗುಳಿ, ಕೆಮ್ಮಿ, ಉಸಿರೆಳೆದುಕೊಂಡ.

"ಚಾ ಕುಡಿದ ಕಪ್ಪು ಉಂಟಲ್ಲ? ಪಿಂಗಾಣಿಯದ್ದು?"

"ಒಂದು ಒಡೆಯಿತು. ಒಂದು ಉಂಟು."

"ಅದನ್ನು ತಾ."

ಅವಳಿಗೆ ಅರ್ಥವಾಗಲಿಲ್ಲ, ಆದರೂ ತಂದಳು. "ಕಪ್ಪನ್ನು ಮಗುಚಿ ಹಿಡಿ," ಎಂದು ಅವನು ಹೇಳತೊಡಗಿದ. ವರ್ಕ್‌ಶಾಪಿನಲ್ಲಿ ಹೊಸಬರಿಗೆ ಹೇಳುವ ಹಾಗೆ ನಿಧಾನವಾಗಿ, ಒಂದು ಅಲೆಗೂ ಇನ್ನೊಂದು ಅಲೆಗೂ ನಡುವೆ. "ತಳದಲ್ಲಿ ಒಂದು ಬಳೆಯ ಹಾಗೆ ಉಂಟಲ್ಲ, ಹೊಳಪಿಲ್ಲದೆ ಒರಟಾಗಿ? ಅದೇ ಸಾಣೆಕಲ್ಲು. ಕಪ್ಪನ್ನು ಎರಡು ಮೊಣಕಾಲಿನ ನಡುವೆ ಗಟ್ಟಿ ಹಿಡಿ. ಚೂರಿಯನ್ನು ಅದರ ಮೇಲೆ ಮಲಗಿಸು. ಪೂರ್ತಿ ಮಲಗಿಸಬೇಡ, ಬೆನ್ನನ್ನು ಸ್ವಲ್ಪ ಎತ್ತು. ಎರಡು ದಿರ್ಹಮ್ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಈಗ ಹಿಡಿಯ ಹತ್ತಿರದಿಂದ ತುದಿಯವರೆಗೆ ಎಳೆ. ಬಾಯಿ ಮುಂದೆ."

"ಬಾಯಿ ನನ್ನ ಕಡೆಗೆ ಬರುತ್ತದೆ."

"ನಿನ್ನಿಂದ ಆಚೆಗೆ ತಳ್ಳು. ಹಾಗೆ. ಒಂದೇ ಬದಿ. ನಾನು ಹೇಳುವವರೆಗೆ ಬದಿ ಬದಲಿಸಬೇಡ."

ಅವಳು ತಳ್ಳಿದಳು. ಸರ್ ಎಂದಿತು. ಬಾಲ್ಕನಿಯಿಂದ ಕೇಳಿದ ಶಬ್ದವೇ. ಮತ್ತೆ ತಳ್ಳಿದಳು. ಚೂರಿಯ ಓರೆ ಆಗಾಗ ತಪ್ಪುತ್ತಿತ್ತು, ಆಗೆಲ್ಲ ಅವನು ಶಬ್ದದಿಂದಲೇ ತಿಳಿದು, "ಎತ್ತಿದ್ದು ಹೆಚ್ಚಾಯಿತು, ಇಳಿಸು," ಎನ್ನುತ್ತಿದ್ದ. ಹತ್ತು. ಇಪ್ಪತ್ತು. ಅವಳು ಎಣಿಸುವುದನ್ನು ಬಿಟ್ಟಳು. ಅಲೆ ಬಂದಾಗ ಅವನ ದನಿ ನಿಲ್ಲುತ್ತಿತ್ತು. ಅದು ಪುನಃ ಕೇಳುವವರೆಗೆ ಅವಳು ತಲೆ ಎತ್ತುತ್ತಿರಲಿಲ್ಲ. ಎತ್ತಿದರೆ ಅವನು ಅಲ್ಲಿ ಇರಲಿಕ್ಕಿಲ್ಲ ಎಂಬ ಹೆದರಿಕೆ.

"ಈಗ ಇನ್ನೊಂದು ಬದಿಯನ್ನು ಬೆರಳಿನಿಂದ ಮುಟ್ಟಿ ನೋಡು."

"ಎಂತ?"

"ಮಸೆದದ್ದು ಸರಿಯಾದರೆ ಆಚೆ ಬದಿಯಲ್ಲಿ ಉಕ್ಕಿನ ಸಣ್ಣ ಗರಿ ಏಳುತ್ತದೆ. ಬಾಯಿಯ ಉದ್ದಕ್ಕೆ ಬೆರಳು ಓಡಿಸಬೇಡ, ಬೆನ್ನಿನಿಂದ ಬಾಯಿಯ ಕಡೆಗೆ ಅಡ್ಡ ಸವರು. ಕೊನೆಯಲ್ಲಿ ಒರಟಾಗಿ ತಡೆಯಬೇಕು."

ಐದು ವರ್ಷದಿಂದ ಅವಳು ಚೂರಿಯ ಬಾಯಿಯನ್ನು ಮುಟ್ಟಿರಲಿಲ್ಲ. ಹೆಬ್ಬೆರಳನ್ನು ಚೂರಿಯ ಬೆನ್ನ ಮೇಲಿಟ್ಟಳು. ಅಲ್ಲಿಂದ ಅದು ಅಲುಗಲಿಲ್ಲ.

"ಆಗುವುದಿಲ್ಲ ನನ್ನಿಂದ."

ಅವನು ಏನೂ ಹೇಳಲಿಲ್ಲ. ಅವಳು ತಲೆ ಎತ್ತಿ ನೋಡಿದಳು. ಅವನ ಬಾಯಿ, ಮೂಗು ನೀರಿನಡಿ ಇತ್ತು. ಕಣ್ಣು ಮಾತ್ರ ಮೇಲಿದ್ದು ಅವಳನ್ನೇ ನೋಡುತ್ತಿತ್ತು. ನೀರು ಇಳಿಯಲು ಎಷ್ಟು ಹೊತ್ತು ಹಿಡಿಯಿತೋ.

ಅವಳು ಬೆರಳನ್ನು ಸವರಿದಳು. ಕೊನೆಯಲ್ಲಿ ಏನೋ ತಡೆಯಿತು, ಬೆಕ್ಕಿನ ನಾಲಿಗೆಯ ಹಾಗೆ.

"ಸಿಕ್ಕಿತು!" ಎಂದು ಕೂಗಿದಳು.

"ಬದಿ ಬದಲಿಸು. ಅಷ್ಟೇ ಸಲ."

ಎರಡನೆಯ ಬದಿ ಮುಗಿಯುವುದರೊಳಗೆ ಅವನು ಕತ್ತನ್ನು ಹಿಂದಕ್ಕೆ ಬಾಗಿಸಿ, ಆಕಾಶ ನೋಡಿಕೊಂಡು ಉಸಿರಾಡುತ್ತಿದ್ದ. ಮಾತು ನಿಂತಿತ್ತು. ಅವಳು ಮತ್ತೆ ಬೋರಲು ಮಲಗಿದಳು. ಈ ಸಲ ಭುಜದವರೆಗೆ ಕೈ ಇಳಿಸಬೇಕಾಯಿತು. ಕಿವಿಯೊಳಗೆ ನೀರು ನುಗ್ಗಿತು. ಏನೂ ಕಾಣುವುದಿಲ್ಲ. ಎಡಗೈ ಹಗ್ಗವನ್ನು ಹಿಡಿದಿದೆ, ಮಡಚದ ಕಿರುಬೆರಳು ಎಲ್ಲಿದೆಯೆಂದು ತಿಳಿಯುವುದಿಲ್ಲ. ಹಗ್ಗಕ್ಕೆ ತಾಗಿಕೊಂಡೇ ಅವನ ಕಾಲು. ಈಗ ಚೂರಿ ಹರಿತವಾಗಿದೆ. ಅದು ಹಗ್ಗವನ್ನೂ ಕೊಯ್ಯುತ್ತದೆ, ಬೆರಳನ್ನೂ ಕೊಯ್ಯುತ್ತದೆ, ಕಾಲನ್ನೂ ಕೊಯ್ಯುತ್ತದೆ. ಅವಳು ದೇವರ ಹೆಸರು ಹೇಳಲು ಹೋದಳು. ಒಂದು ಹೆಸರೂ ನೆನಪಾಗಲಿಲ್ಲ.

ಎಳೆದಳು. ಚೂರಿ ಜಾರದೆ ಹಗ್ಗವನ್ನು ಕಚ್ಚಿತು.

ಮತ್ತೆ ಮತ್ತೆ ಎಳೆದಳು. ಒಂದು ಎಳೆ ಟಪ್ಪೆಂದು ಬಿಟ್ಟದ್ದು ಕೈಗೆ ತಿಳಿಯಿತು. ಎರಡನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ನಡುವೆ ಎಲ್ಲೋ ಚೂರಿ ಒಮ್ಮೆ ಮೆತ್ತಗೆ ಹೋಯಿತು, ಹಗ್ಗದ ಗಟ್ಟಿತನ ಇರಲಿಲ್ಲ. ಅವನ ಮೈ ಒಮ್ಮೆ ಸೆಟೆಯಿತು. ಅವಳಿಗೆ ಗೊತ್ತಾಯಿತು. ಕೈ ನಿಲ್ಲಿಸಿದಳು. ಮೇಲಿನಿಂದ ಅವನ ಎಡ ಮೊಣಕೈ ಬಂಡೆಗೆ ಎರಡು ಸಲ ಗುದ್ದಿದ್ದು ಕೇಳಿತು. ನಿಲ್ಲಿಸಬೇಡ ಎಂದು. ಅವಳು ನಿಲ್ಲಿಸಲಿಲ್ಲ. ಮೂರನೆಯ ಎಳೆ ಅಲೆಯ ಭಾರಕ್ಕೆ ತಾನಾಗಿಯೇ ಹರಿಯಿತು.

ಅವನು ಮೇಲೆ ಬಂದದ್ದು ಹೇಗೆಂದು ಅವಳಿಗೆ ಸರಿಯಾಗಿ ನೆನಪಿಲ್ಲ. ಅವಳು ಅಂಗಿಯ ಕಾಲರ್ ಹಿಡಿದು ಎಳೆದಿದ್ದಳು. ನಮಾಜು ಮುಗಿಸಿ ಬರುತ್ತಿದ್ದ ಇಬ್ಬರು ಬಂಗಾಳಿ ಬೆಸ್ತರು ಅವಳ ಕೂಗು ಕೇಳಿ ಕಲ್ಲಿನ ಮೇಲೆ ಓಡಿ ಬಂದು, ಅವನ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಅವರು ಅವನನ್ನು ಚಪ್ಪಟೆ ಕಲ್ಲಿನ ಮೇಲೆ ಮಲಗಿಸುವಾಗ ಪೊಲೀಸರ ಗಾಡಿಯ ಸೈರನ್ ಕೇಳಿತು. ಹೇಳಿದ ಅರ್ಧ ಗಂಟೆ ಆಗಿರಲೇ ಇಲ್ಲ. ಇಪ್ಪತ್ತೈದು ನಿಮಿಷ ಆಗಿತ್ತು, ಅಷ್ಟೆ. ಅವಳ ಮುಷ್ಟಿಯಿಂದ ಚೂರಿಯನ್ನು ಬಿಡಿಸಲು ಪೊಲೀಸನೊಬ್ಬ ಒಂದೊಂದೇ ಬೆರಳನ್ನು ಎತ್ತಬೇಕಾಯಿತು. "ಖಲಾಸ್, ಮದಾಮ್, ಖಲಾಸ್," ಎನ್ನುತ್ತಲೇ ಇದ್ದ.

ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿದರು. ಹಗ್ಗ ಬಿಗಿದಲ್ಲಿ ಪಾದದ ಮೇಲೆ ನೀಲಿಗಟ್ಟಿತ್ತು. ಮೀನಖಂಡದ ಮೇಲೆ ಅರ್ಧ ಗೇಣುದ್ದದ ಗಾಯವೊಂದಿತ್ತು, ಅದಕ್ಕೆ ಒಂಬತ್ತು ಹೊಲಿಗೆ. ಡಾಕ್ಟರು ಅದನ್ನು ನೋಡಿ, "ಇದು ಕಲ್ಲು ತಾಗಿದ್ದಲ್ಲವಲ್ಲ," ಎಂದರು.

"ನಾನು," ಎಂದಳು ಜಲಜಾಕ್ಷಿ.

"ಬಹಳ ಹರಿತವಾದ ಚೂರಿ ಇರಬೇಕು. ನೀಟಾಗಿ ಕೊಯ್ದಿದೆ. ಬೇಗ ಕೂಡುತ್ತದೆ," ಎಂದು ಡಾಕ್ಟರು ಹೊಲಿಯುತ್ತಾ ಹೋದರು.

ಮನೆಗೆ ಬಂದ ಮೇಲೆ ಮೋಹನದಾಸ ಮಾತು ಬಿಟ್ಟ. ಸಿಟ್ಟಿನಿಂದ ಬಿಟ್ಟ ಹಾಗೆ ಕಾಣಲಿಲ್ಲ. ಅನ್ನ ಬೇಕು, ನೀರು ಬೇಕು, ದಿಂಬು ಸರಿಸು, ಇಷ್ಟು ಹೇಳುತ್ತಿದ್ದ. ಉಳಿದ ಹೊತ್ತು ಸೋಫಾದಲ್ಲಿ ಒರಗಿ ಬಾಲ್ಕನಿಯ ಕಡೆ ನೋಡುತ್ತಿದ್ದ. ಹಿಂದೆ ಸರಿದ ಅಲೆಯ ಹಾಗೆ ಇವರ ಮಾತೂ ತಿರುಗಿ ಬರುತ್ತದೆ, ಬಂದಾಗ ಇವರು ನನಗೇನು ಹೇಳುತ್ತಾರೋ ಎಂದು ಅವಳು ಕಾದಳು. ಊರಿಗೆ ಹೋಗು ಎನ್ನಬಹುದು. ಗಂಡನನ್ನು ಕೊಲ್ಲಲು ಹೊರಟಿದ್ದೆಯಾ ಎನ್ನಬಹುದು. ಎಂದರೆ ತಪ್ಪೇನು? ಎದುರಿನ ಫ್ಲ್ಯಾಟಿನ, ಇವರಿಬ್ಬರೂ ಗೌರವದಿಂದ ‘ಬಾಯಿ’ ಎಂದು ಕರೆಯುವ ಪ್ಯಾಟ್ರಿಶಿಯಾ ಗಂಜಿ, ಚಟ್ನಿ ಮಾಡಿ ತಂದುಕೊಟ್ಟರು. ಅವರು ಶಿರ್ವದ ಕಡೆಯವರು, ಕ್ಲಿನಿಕ್ಕೊಂದರಲ್ಲಿ ರಿಸೆಪ್ಷನ್ನಿನಲ್ಲಿ ಇದ್ದವರು, ಈಗ ಕೆಲಸ ಬಿಟ್ಟು ಮನೆಯಲ್ಲೇ ಇರುತ್ತಾರೆ. ಹೇಗಾಯಿತೆಂದು ಕೇಳಿದಾಗ ಮೋಹನದಾಸ, "ಕಾಲು ಜಾರಿತು ಬಾಯಿ," ಎಂದಷ್ಟೇ ಹೇಳಿದ.

ನಾಲ್ಕನೆಯ ದಿನ ಬೆಳಿಗ್ಗೆ, ಅವಳು ಅವನ ಕಾಲಿನ ಬ್ಯಾಂಡೇಜು ಬಿಚ್ಚುತ್ತಿದ್ದಾಗ ಅವನು ಕೇಳಿದ.

"ಯಾಕೆ ಮಾಡಿದ್ದು ಹಾಗೆ?"

ಅವಳು ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹೇಳಲಾಗುವುದಿಲ್ಲ ಎನಿಸಿತು.

"ಬೆರಳು ಕೊಯ್ದ ದಿನ ನಾನು ನಿಮಗೆ ಎಷ್ಟು ಸಲ ಫೋನ್ ಮಾಡಿದ್ದೆ, ಗೊತ್ತುಂಟಾ?"

"ಊಟದ ಹೊತ್ತಿಗೆ ನೋಡಿದೆನಲ್ಲ. ವರ್ಕ್‌ಶಾಪಿನೊಳಗೆ ಫೋನ್ ಬಿಡುವುದಿಲ್ಲ. ಲಾಕರಿನಲ್ಲಿ ಇರುತ್ತದೆ. ನೀನೇ ಹೇಳಿದ್ದಲ್ಲವಾ, ಸ್ವಲ್ಪ ತಾಗಿದೆ, ಸಂಜೆ ಬಂದರೆ ಸಾಕು ಅಂತ?"

"ಹದಿನಾಲ್ಕು ಸಲ." ಅವಳು ಹಳೆಯ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟಳು. "ಮೊದಲು ನಿಂತುಕೊಂಡು ಮಾಡಿದೆ. ಮತ್ತೆ ಕೂತು. ಮತ್ತೆ ಅಡುಗೆಮನೆಯ ನೆಲದಲ್ಲಿ ಮಲಗಿ. ಫೋನಿಗೆಲ್ಲ ರಕ್ತ, ಒತ್ತಿದರೆ ಜಾರುತ್ತಿತ್ತು. ಬಾಗಿಲಿಗೆ ಒಳಗಿನಿಂದ ಚಿಲಕ. ಎದ್ದು ಹೋಗಿ ತೆಗೆಯುವಾ ಅಂದರೆ ಕಣ್ಣು ಕತ್ತಲೆ. ಈ ಬಿಲ್ಡಿಂಗಿಗೆ ಬಂದು ಆಗ ಹದಿನೈದು ದಿನ ಆಗಿರಲಿಲ್ಲ. ಯಾರನ್ನು ಕರೆಯುವುದು? ಯಾವ ಭಾಷೆಯಲ್ಲಿ ಕರೆಯುವುದು? ಅಶ್ಮಿತಾಳ ಬಸ್ಸು ಬರುವುದು ಎರಡೂವರೆಗೆ. ಅವಳು ಬಂದು ಬೆಲ್ಲು ಮಾಡುತ್ತಾಳೆ, ನಾನು ತೆಗೆಯುವುದಿಲ್ಲ, ಮಗು ಬಾಗಿಲಿನ ಹೊರಗೆ ನಿಂತಿರುತ್ತದೆ. ಇದನ್ನೇ ಯೋಚನೆ ಮಾಡುತ್ತಾ ಮಲಗಿದ್ದೆ. ಒಂದೂವರೆ ಗಂಟೆ ಹೊತ್ತು."

"ಇದನ್ನೆಲ್ಲ ನೀನು ಹೇಳಲೇ ಇಲ್ಲ."

"ನೀವು ಫೋನ್ ಮಾಡುವಾಗ ರಕ್ತ ನಿಂತಿತ್ತು. ಕೆಲಸ ಬಿಟ್ಟು ಓಡಿ ಬಂದರೆ ನಿಮಗೆ ಅಲ್ಲಿ ತೊಂದರೆ ಆದೀತು ಅಂತ ಹೇಳಲಿಲ್ಲ. ಮತ್ತೆ ಹೇಳಲಿಕ್ಕೆ ಆಗಲೇ ಇಲ್ಲ." ಅವಳು ಈಗ ಅವನ ಮುಖ ನೋಡಿದಳು. "ಕೊಯ್ಯುವುದಕ್ಕೆ ನಾನು ಅಷ್ಟು ಹೆದರುವುದಿಲ್ಲ. ಕೊಯ್ದ ಮೇಲೆ ಯಾರೂ ಇಲ್ಲದೆ ಬಿದ್ದಿರುವುದುಂಟಲ್ಲ, ಅದಕ್ಕೆ. ಆ ಕಲ್ಲಿನ ತುದಿಯಲ್ಲಿ ನಿಮಗೆ ಹಾಗೆ ಆಗಬಾರದು ಅಂತ ಮಾಡಿದ್ದು. ಆಗಿಯೇ ಹೋಯಿತು. ನನ್ನಿಂದಲೇ."

ಮೋಹನದಾಸನ ಗಾಯ ಗಾಳಿಗೆ ತೆರೆದುಕೊಂಡಿತ್ತು. ಒಂಬತ್ತು ಹೊಲಿಗೆಗಳು ಕಪ್ಪಗೆ ಸಾಲಾಗಿ ಕಾಣುತ್ತಿದ್ದವು.

"ನನಗೂ ಅಲ್ಲಿ ಹೆದರಿಕೆಯಾಯಿತು," ಎಂದ ಅವನು. "ನೀರು ಮೂಗಿಗೆ ಬಂದಾಗ. ನಿನಗೆ ಕಾಣಬಾರದು ಅಂತ ಚೂರಿಯ ವಿಷಯವನ್ನೇ ಹೇಳುತ್ತಾ ಇದ್ದೆ. ಈಗಲೂ ಕಣ್ಣು ಮುಚ್ಚಿದರೆ ನೀರು ಬರುತ್ತದೆ. ಅದಕ್ಕೇ ಮಾತಾಡಲಿಲ್ಲ. ನಿನ್ನ ಮೇಲೆ ಸಿಟ್ಟಿನಿಂದ ಅಲ್ಲ." ಹೊಲಿಗೆಗಳನ್ನು ನೋಡಿ, "ಸಿಟ್ಟೂ ಉಂಟು," ಎಂದ.

"ಇರಲಿ," ಎಂದಳು ಅವಳು.

ಅವಳು ಹೊಸ ಬ್ಯಾಂಡೇಜು ಸುತ್ತತೊಡಗಿದಳು.

"ಈಗಲೂ ಚಿಲಕ ಹಾಕುತ್ತೀಯಾ? ನಾನು ಡ್ಯೂಟಿಗೆ ಹೋದ ಮೇಲೆ?"

"ಹಾಕುತ್ತೇನೆ."

"ಚಿಲಕ ಬೇಡ. ಬೀಗ ಸಾಕು. ನಮ್ಮ ಹತ್ತಿರ ಮೂರು ಚಾವಿ ಉಂಟಲ್ಲ? ಅಶ್ಮಿತಾಳದ್ದು ಹಾಗೆಯೇ ಬಿದ್ದಿದೆ. ಅದನ್ನು ಪ್ಯಾಟ್ರಿಶಿಯಾ ಬಾಯಿಯ ಹತ್ತಿರ ಕೊಟ್ಟು ಬಾ."

"ಈಗಲಾ?"

"ಈಗಲೇ. ನಾನು ಇಲ್ಲಿಯೇ ಇದ್ದೇನೆ."

ಅವಳು ಬ್ಯಾಂಡೇಜಿನ ತುದಿಗೆ ಟೇಪು ಅಂಟಿಸಿ, ಕೈ ತೊಳೆದುಕೊಂಡು, ಮಗಳ ಮೇಜಿನ ಡ್ರಾಯರಿನಿಂದ ಚಾವಿ ತೆಗೆದುಕೊಂಡು ಎದುರಿನ ಬಾಗಿಲಿನ ಬೆಲ್ಲು ಒತ್ತಿದಳು. ಪ್ಯಾಟ್ರಿಶಿಯಾ ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲು ತೆಗೆದರು.

"ಇದು ನಿಮ್ಮ ಹತ್ತಿರ ಇರಲಿ ಬಾಯಿ," ಎಂದಳು ಜಲಜಾಕ್ಷಿ. "ನಾನು ಕರೆದರೆ ಬರಲಿಕ್ಕೆ."

"ಕರೆಯದಿದ್ದರೂ ಬರುತ್ತೇನೆ," ಎಂದರು ಪ್ಯಾಟ್ರಿಶಿಯಾ. "ಒಳಗೆ ಬನ್ನಿ, ಚಪಾತಿ ಲಟ್ಟಿಸುತ್ತಾ ಇದ್ದೇನೆ."

ಜಲಜಾಕ್ಷಿ ಒಂದು ಕ್ಷಣ ತನ್ನ ಮನೆಯ ತೆರೆದ ಬಾಗಿಲಿನ ಕಡೆಗೆ ತಿರುಗಿ ನೋಡಿದಳು. ಒಳಗಿನಿಂದ ಮೋಹನದಾಸ, "ಹೋಗು, ಹೋಗು," ಎಂದದ್ದು ಕೇಳಿತು. ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು.